ವಾದ್ಯದ ನಾದವನ್ನು ಬಿಚ್ಚಿ ಮತ್ತೆ ಕಟ್ಟುವುದು ಹೇಗೆ: ಓವರ್‌ಟೋನ್‌ಗಳ ಜೋರು ಅಳೆಯಲು ಸಮಗ್ರ ಮಾರ್ಗದರ್ಶಿ

ಹಾರ್ಮೋನಿಯಂನ ಒಂದು ಸ್ವರ ರೆಕಾರ್ಡ್ ಮಾಡಿದ್ದಾಯ್ತು. ಅದರೊಳಗೆ ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಗ್ರಾಫ್ ತೆಗೆದದ್ದಾಯ್ತು. ಅದರಲ್ಲಿ ಕಂಡ ಸ್ವರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದ್ದೂ ಆಯ್ತು. ಪ್ಲೇ ಒತ್ತಿದರೆ ಹಾರ್ಮೋನಿಯಂ ಎಲ್ಲಿದೆ? ಯಾರೋ ಕಾಲಿಂಗ್ ಬೆಲ್ ಒತ್ತಿ ಹಿಡಿದ ಹಾಗಿದೆ.

ಈ ದೂರನ್ನು ನಾನು ತುಂಬ ಸಲ ಕೇಳಿದ್ದೇನೆ. ನಾನೂ ಒಂದು ಕಾಲಕ್ಕೆ ಇದನ್ನೇ ಹೇಳಿಕೊಂಡು ತಲೆ ಕೆರೆದುಕೊಂಡವನು. ತಪ್ಪು ಸಾಮಾನ್ಯವಾಗಿ ಮೂರೇ ಜಾಗದಲ್ಲಿ ಇರುತ್ತದೆ. ರೆಕಾರ್ಡಿಂಗಿನಲ್ಲೇ ನಾದ ಕೆಟ್ಟಿರುತ್ತದೆ, ಇಲ್ಲವೇ ಡೆಸಿಬೆಲ್ (ಜೋರಿನ ಅಳತೆ) ಲೆಕ್ಕ ತಪ್ಪಿರುತ್ತದೆ, ಇಲ್ಲವೇ ಸ್ವರ ಶುರುವಿನಿಂದ ಕೊನೆಯವರೆಗೆ ಒಂದೇ ಥರ ಇರುತ್ತದೆ ಅಂತ ನಂಬಿರುತ್ತೇವೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಎರಡನೇ ಹಂತ ಕೆಟ್ಟಿದ್ದರೆ ಆರನೇ ಹಂತದಲ್ಲಿ ಎಷ್ಟು ಒದ್ದಾಡಿದರೂ ಸರಿಹೋಗುವುದಿಲ್ಲ.

## ಶುರು ಮಾಡುವ ಮುಂಚೆ ಒಂದು ಎಣಿಕೆ

ನೀವು 220 ಹರ್ಟ್ಜ್‌ನ ‘ಸ’, ಅಂದರೆ ಸೆಕೆಂಡಿಗೆ 220 ಸಲ ಕಂಪಿಸುವ ಸ್ವರ, ನುಡಿಸಿದಾಗ ಅದೊಂದೇ ಹೊರಡುವುದಿಲ್ಲ. 440, 660, 880, 1100 ಹೀಗೆ ಅದರ ಮಗ್ಗಿಯೇ ಜೊತೆಗೆ ಹೊರಡುತ್ತದೆ. 220 ಮೂಲಸ್ವರ. ಮೇಲಿನವೆಲ್ಲ ಓವರ್‌ಟೋನ್‌ಗಳು. ಯಾವುದು ಎಷ್ಟು ಜೋರಾಗಿದೆ ಅನ್ನುವುದರ ಮೇಲೆ ಅದು ಕೊಳಲೋ ವೀಣೆಯೋ ಹಾರ್ಮೋನಿಯಮ್ಮೋ ಅಂತ ಕಿವಿ ಗುರುತು ಹಿಡಿಯುತ್ತದೆ. ಆ ಗುರುತಿಗೆ ಇಲ್ಲಿ ನಾದಗುಣ ಅನ್ನೋಣ.

ಗೊಂದಲ ಇರುವುದು ಎಣಿಕೆಯಲ್ಲಿ. 440 ಹರ್ಟ್ಜ್ ಒಂದನೇ ಓವರ್‌ಟೋನ್, ಆದರೆ ಎರಡನೇ ಹಾರ್ಮೋನಿಕ್. ಒಬ್ಬರು ಓವರ್‌ಟೋನ್ ಲೆಕ್ಕದಲ್ಲಿ ಬರೆದಿಟ್ಟ ಪಟ್ಟಿಯನ್ನು ಇನ್ನೊಬ್ಬರು ಹಾರ್ಮೋನಿಕ್ ಲೆಕ್ಕದಲ್ಲಿ ಓದಿದರೆ ಇಡೀ ಪಟ್ಟಿ ಒಂದು ಮನೆ ಸರಿದುಬಿಡುತ್ತದೆ. ಇಲ್ಲಿ ನಾನು ಹಾರ್ಮೋನಿಕ್ ಸಂಖ್ಯೆಯನ್ನೇ ಬಳಸುತ್ತೇನೆ. ಮೂಲಸ್ವರ 1, ಅದರ ಎರಡರಷ್ಟು 2, ಮೂರರಷ್ಟು 3.

ಹಾಡುವವರಿಗೆ ಇದನ್ನು ಸ್ವರದಲ್ಲೇ ಹೇಳಬಹುದು. 1 ‘ಸ’ ಆದರೆ 2 ಮೇಲಿನ ‘ಸ’, 3 ಅದರ ಮೇಲಿನ ‘ಪ’, 4 ಮತ್ತೂ ಮೇಲಿನ ‘ಸ’, 5 ಅಂತರ ಗಾಂಧಾರ, 6 ಮತ್ತೆ ‘ಪ’. 7 ಕೈಶಿಕಿ ನಿಷಾದಕ್ಕಿಂತ ಸ್ವಲ್ಪ ಕೆಳಗೆ, ಯಾವ ಮನೆಗೂ ಸರಿಯಾಗಿ ಕೂರದೆ ನಿಲ್ಲುತ್ತದೆ. ತಂಬೂರಿ ಚೆನ್ನಾಗಿ ಶ್ರುತಿಯಾದಾಗ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ವಾ? ಅದು ಈ 5.

## ಬೇಕಾದ ಸಾಮಾನು

ಪಟ್ಟಿ ದೊಡ್ಡದಲ್ಲ. ಸದ್ದು ತಿದ್ದುವ ಆಡಾಸಿಟಿ ಸಾಫ್ಟ್‌ವೇರ್ ಹಾಕಿದ ಒಂದು ಕಂಪ್ಯೂಟರ್, ಸದ್ದನ್ನು ಹಿಂಡದ ವೇವ್ (WAV) ಫೈಲ್ ಉಳಿಸುವ ರೆಕಾರ್ಡಿಂಗ್ ಆ್ಯಪ್ ಇರುವ ಫೋನ್ ಅಥವಾ ಒಂದು ಯುಎಸ್‌ಬಿ ಮೈಕ್, ಕ್ಯಾಲ್ಕುಲೇಟರ್, ಪೆನ್ನು, ಹಾಳೆ. ಆಡಾಸಿಟಿ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಹೆಡ್‌ಫೋನ್ ಮಾತ್ರ ಬೇಕೇ ಬೇಕು. ಫೋನಿನ ಸ್ಪೀಕರ್ 220 ಹರ್ಟ್ಜ್ ಅನ್ನು ಹೇಗೋ ಎಳೆದು ತರುತ್ತದೆ, 110 ಹರ್ಟ್ಜ್ ಬಹುತೇಕ ಹೊರಗೇ ಬರುವುದಿಲ್ಲ. ಆದರೂ ಮಂದ್ರದ ಸ್ವರ ನಮಗೆ ಕೇಳುತ್ತದೆ. ಯಾಕೆಂದರೆ ಮೇಲಿನ ಹಾರ್ಮೋನಿಕ್‌ಗಳ ಮಗ್ಗಿ ನೋಡಿ ಮೆದುಳೇ ಮೂಲಸ್ವರವನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ಸ್ಪೀಕರಿನಲ್ಲಿ ಕೇಳಿ ಹಾರ್ಮೋನಿಕ್‌ಗಳನ್ನು ತಿದ್ದಲು ಹೋದರೆ ಇಲ್ಲದ್ದನ್ನು ಇದೆ ಅಂದುಕೊಂಡು ತಿದ್ದುತ್ತೀರಿ.

ಮೊದಲ ಸಲಕ್ಕೆ ವಾದ್ಯ ಯಾವುದು? ಶ್ರುತಿಪೆಟ್ಟಿಗೆ, ಹಾರ್ಮೋನಿಯಂ ಅಥವಾ ಕೊಳಲು. ಇವುಗಳ ಸ್ವರ ಒಂದೇ ಸಮ ನಿಲ್ಲುತ್ತದೆ. ವೀಣೆ, ಗಿಟಾರ್ ಆಮೇಲೆ. ದೇವಸ್ಥಾನದ ಗಂಟೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಅದರ ಮೇಲಿನ ಸ್ವರಗಳು 1, 2, 3ರ ಮಗ್ಗಿಯಲ್ಲಿ ಬರುವುದೇ ಇಲ್ಲ, ಈ ಇಡೀ ವಿಧಾನ ಅಲ್ಲಿ ಕೈಕೊಡುತ್ತದೆ. ತಾಳವಾದ್ಯಗಳೂ ಹೆಚ್ಚಾಗಿ ಹೀಗೇ. ಮೃದಂಗದ ಬಲಮುಖ ಬೇರೆ: ಅದರ ಕಪ್ಪು ಕರಣೆ ಚರ್ಮದ ಸ್ವರಗಳನ್ನು ಹೆಚ್ಚುಕಡಿಮೆ ಮಗ್ಗಿಗೆ ಎಳೆದು ತರುತ್ತದೆ.

## ಹಂತ 1: ಮೊದಲು ಗಂಟಲಿನಲ್ಲೇ ಕೇಳಿ

ಕಂಪ್ಯೂಟರ್ ಆನ್ ಮಾಡುವ ಮುಂಚೆ ಎರಡು ನಿಮಿಷ ಇದಕ್ಕೆ ಕೊಡಿ. ನಿಮಗೆ ಆರಾಮ ಅನ್ನಿಸುವ ಶ್ರುತಿಯಲ್ಲಿ ‘ಆ’ ಅಂತ ಎಳೆಯಿರಿ. ಶ್ರುತಿ ಕದಲಿಸದೆ ನಿಧಾನಕ್ಕೆ ‘ಈ’ಗೆ ಜಾರಿ. ಆಮೇಲೆ ‘ಊ’ಗೆ.

ಗಂಟಲು ಹೊರಡಿಸುವ ಸ್ವರ ಬದಲಾಗಲಿಲ್ಲ. ಬಾಯಿಯ ಆಕಾರ ಬದಲಾಯಿತು, ಅಷ್ಟೆ. ಅದೇ ಹಾರ್ಮೋನಿಕ್‌ಗಳು, ಆದರೆ ‘ಆ’ದಲ್ಲಿ ಸುಮಾರು 700ರಿಂದ 1200 ಹರ್ಟ್ಜ್ ಆಸುಪಾಸಿನವು ಎದ್ದು ನಿಲ್ಲುತ್ತವೆ. ‘ಈ’ಗೆ ಬಂದಾಗ ಆ ಜಾಗ ಕುಗ್ಗಿ 2000 ಹರ್ಟ್ಜ್ ದಾಟಿದವು ಜೋರಾಗುತ್ತವೆ. ‘ಊ’ದಲ್ಲಿ ಮೇಲಿನವು ಹೆಚ್ಚುಕಡಿಮೆ ಮಲಗಿಬಿಡುತ್ತವೆ. ಅಂದರೆ ಓವರ್‌ಟೋನ್‌ಗಳ ಜೋರು ಬದಲಿಸುವ ಕೆಲಸವನ್ನು ನಾವು ವರ್ಣಮಾಲೆ ಕಲಿತಾಗಿನಿಂದ ಮಾಡುತ್ತಲೇ ಇದ್ದೇವೆ.

ಈಗ ‘ಊ’ದಿಂದ ‘ಈ’ಗೆ ತೀರಾ ನಿಧಾನವಾಗಿ, ಹತ್ತು ಸೆಕೆಂಡ್ ಎಳೆದು ಜಾರಿ. ಸಣ್ಣ ಸಿಳ್ಳೆಯಂಥ ಸ್ವರಗಳು ಒಂದೊಂದಾಗಿ ಮೆಟ್ಟಿಲು ಹತ್ತಿದ ಹಾಗೆ ಕೇಳಬೇಕು. ಬಚ್ಚಲುಮನೆಯಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ. ಅದು ಒಮ್ಮೆ ಕಿವಿಗೆ ಸಿಕ್ಕಿದರೆ ಮುಂದಿನ ಗ್ರಾಫ್‌ನಲ್ಲಿ ಏನು ನೋಡುತ್ತಿದ್ದೀರಿ ಅನ್ನುವುದು ಗೊತ್ತಿರುತ್ತದೆ. ಸಿಗದಿದ್ದರೂ ಮುಂದೆ ಹೋಗಿ, ಹಂತ 7 ಆದ ಮೇಲೆ ವಾಪಸ್ ಬನ್ನಿ.

## ಹಂತ 2: ರೆಕಾರ್ಡಿಂಗ್

ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಜನ ಸೋಲುವುದು ಇಲ್ಲೇ.

ವಾಟ್ಸಾಪ್ ವಾಯ್ಸ್ ನೋಟ್ ಬೇಡ. ಅದು ಮಾತಿಗೆ ಅಂತ ಇರುವುದು, ಸದ್ದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಎಷ್ಟೋ ಫೋನುಗಳು ನಿಂತ ಸ್ವರವನ್ನು ಫ್ಯಾನಿನ ಸದ್ದು ಅಂತ ತಿಳಿದು ತಾವಾಗಿಯೇ ತಗ್ಗಿಸುತ್ತವೆ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ನಾಯ್ಸ್ ರಿಡಕ್ಷನ್, ಆಟೋ ಗೇನ್ ಅಂತ ಇದ್ದರೆ ಎರಡನ್ನೂ ಆಫ್ ಮಾಡಿ. ಫೈಲ್ ವೇವ್ ಆಗಿರಲಿ, 44,100 ಅಥವಾ 48,000 ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದು) ಇರಲಿ. ಎಚ್ಚರಿಕೆಯ ಗುರುತು: ನೀವು ಒಂದೇ ಸಮ ನುಡಿಸಿದ್ದೀರಿ, ಆದರೆ ಎರಡು ಸೆಕೆಂಡ್ ಆದ ಮೇಲೆ ಅಲೆಯ ಎತ್ತರ ತಾನಾಗಿ ಕುಗ್ಗಿದೆ. ಹಾಗಾದರೆ ಫೋನ್ ಕೈಯಾಡಿಸಿದೆ ಅಂತಲೇ ಅರ್ಥ.

ಫ್ಯಾನ್ ಆಫ್. ಫ್ರಿಜ್ ಪಕ್ಕದ ಕೋಣೆಯಲ್ಲಿದ್ದರೆ ಅದೂ ಹತ್ತು ನಿಮಿಷ ಆಫ್. ನಮ್ಮ ಕರೆಂಟು 50 ಹರ್ಟ್ಜ್‌ನದು. ಅದರ ಗುಂಯ್ ಅನ್ನುವ ಸದ್ದು 50, 100, 150ರಲ್ಲಿ ಬಂದು ಕೂರುತ್ತದೆ. ಒಂದು ಸಂಜೆಯಿಡೀ ನಾನು ವೀಣೆಯ ತಂತಿಯಲ್ಲಿ 100 ಹರ್ಟ್ಜ್‌ನ ಒಂದು ವಿಚಿತ್ರ ಮೊನೆ (ಗ್ರಾಫಿನಲ್ಲಿ ಚೂಪಾಗಿ ಎದ್ದ ತುದಿ) ಸಿಕ್ಕಿತು ಅಂತ ಖುಷಿಪಟ್ಟಿದ್ದೆ. ವೀಣೆಯನ್ನು ಗವಸಿನೊಳಗೆ ಇಟ್ಟ ಮೇಲೂ ಅದು ಹಾಗೇ ಇತ್ತು.

ಇದಕ್ಕೆ ಉಪಾಯ ಸುಲಭ. ಸ್ವರ ನುಡಿಸುವ ಮುಂಚೆ ಐದು ಸೆಕೆಂಡ್ ಸುಮ್ನೆ ಕೂತು ಖಾಲಿ ಕೋಣೆಯನ್ನೂ ರೆಕಾರ್ಡ್ ಮಾಡಿ. ಆ ತುಂಡಿನಲ್ಲಿ ಕಾಣುವ ಮೊನೆಗಳೆಲ್ಲ ಕೋಣೆಯವು, ವಾದ್ಯದವಲ್ಲ.

ಮೈಕ್ ವಾದ್ಯದಿಂದ ಒಂದೂವರೆ ಅಡಿ ದೂರ ಇರಲಿ. ಬರಿಗೋಡೆಯ ಕೋಣೆ ಬೇಡ. ಮಂಚದ ಹತ್ತಿರ ಕೂತು ಹಿಂದೆ ಒಂದು ಕೌದಿ ನೇತುಹಾಕಿದರೆ ಸಾಕು. ಗೋಡೆಗೆ ಬಡಿದು ಬಂದ ಸದ್ದು ನೇರ ಬಂದ ಸದ್ದಿನ ಜೊತೆ ಸೇರಿ, ಒಂದು ಹಾರ್ಮೋನಿಕ್ ಅನ್ನು ಎತ್ತುತ್ತದೆ, ಪಕ್ಕದ್ದನ್ನು ತುಳಿಯುತ್ತದೆ. ಮೈಕ್ ಅನ್ನು ಒಂದು ಗೇಣು ಆಚೆ ಸರಿಸಿದರೆ ಅದೇ ಹಾರ್ಮೋನಿಕ್ ಹಲವು ಡೆಸಿಬೆಲ್ ಏರಿಳಿಯಬಹುದು. ಅದಕ್ಕೇ ಮೂರು ಸಲ, ಮೂರು ಸ್ವಲ್ಪ ಬೇರೆ ಜಾಗದಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡಿ. ಮೂರರ ಸರಾಸರಿಯೇ ನಿಮ್ಮ ಪಟ್ಟಿ.

ಅಲೆಯ ತುದಿಗಳು ಕತ್ತರಿಸಿದ ಹಾಗೆ ಚಪ್ಪಟೆ ಆಗಿದ್ದರೆ ಆ ರೆಕಾರ್ಡಿಂಗ್ ಎಸೆಯಿರಿ. ಹಾಗೆ ಚಪ್ಪಟೆ ಆದಾಗ ವಾದ್ಯದಲ್ಲಿ ಇಲ್ಲದ ಓವರ್‌ಟೋನ್‌ಗಳು ಹುಟ್ಟಿಕೊಳ್ಳುತ್ತವೆ. ಆಮೇಲೆ ವಾಲ್ಯೂಮ್ ಇಳಿಸಿದರೂ ಅವು ಹೋಗುವುದಿಲ್ಲ.

ಹಾರ್ಮೋನಿಯಂ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಬಹಳಷ್ಟು ಪೆಟ್ಟಿಗೆಗಳಲ್ಲಿ ಎರಡು ಸಾಲು ರೀಡ್ ಇರುತ್ತವೆ. ಒಂದೇ ಮನೆ ಒತ್ತಿದರೂ ಒಂದು ಸ್ಥಾಯಿ ಅಂತರದ ಎರಡು ರೀಡ್ ಒಟ್ಟಿಗೆ ನುಡಿಯುತ್ತವೆ. ಕಪ್ಲರ್ ಎಳೆದಿದ್ದರೆ ಇನ್ನೂ ಒಂದು ಸೇರುತ್ತದೆ. ಮುಂದಿನ ಗುಂಡಿಗಳನ್ನು ತಳ್ಳಿ ಒಂದೇ ಸಾಲು ಉಳಿಸಿಕೊಳ್ಳಿ. ಇಲ್ಲದಿದ್ದರೆ 2, 4, 6ನೇ ಹಾರ್ಮೋನಿಕ್‌ಗಳು ಸುಳ್ಳುಸುಳ್ಳೇ ಉಬ್ಬಿ ಕಾಣುತ್ತವೆ. ಬಾತೆಯನ್ನು (ಗಾಳಿ ಊದುವ ತಿದಿಯನ್ನು) ಒಂದೇ ಒತ್ತಡದಲ್ಲಿ ಹಾಕಿ. ಜೋರಾಗಿ ಹಾಕಿದರೆ ಸ್ವರ ಜೋರಾಗುವುದಷ್ಟೇ ಅಲ್ಲ, ಮೇಲಿನ ಹಾರ್ಮೋನಿಕ್‌ಗಳು ಕೆಳಗಿನವಕ್ಕಿಂತ ಜಾಸ್ತಿ ಏರಿ ನಾದಗುಣವೇ ಬದಲಾಗುತ್ತದೆ.

## ಹಂತ 3: ತುಂಡು ಆರಿಸಿ

ಫೈಲನ್ನು ಆಡಾಸಿಟಿಯಲ್ಲಿ ತೆರೆಯಿರಿ. ಸ್ವರ ಶುರುವಾದ ಅರ್ಧ ಸೆಕೆಂಡ್ ಬಿಟ್ಟು, ಅಲೆ ಸಮವಾಗಿ ನಿಂತ ಜಾಗದಲ್ಲಿ ಒಂದರಿಂದ ಎರಡು ಸೆಕೆಂಡ್ ಆರಿಸಿಕೊಳ್ಳಿ. ಇಡೀ ಫೈಲ್ ಆರಿಸಬೇಡಿ. ಗ್ರಾಫ್ ನೀವು ಆರಿಸಿದ ಭಾಗದ ಸರಾಸರಿ ತೋರಿಸುತ್ತದೆ. ಶುರುವಿನ ಉಸಿರು, ಕೊನೆಯ ಮೌನ ಎಲ್ಲ ಸೇರಿದ ಸರಾಸರಿ ಯಾವ ವಾದ್ಯದ್ದೂ ಅಲ್ಲ.

## ಹಂತ 4: ಗ್ರಾಫ್ ಓದಿ

ಅನಲೈಝ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿ. ಮೂರು ಜಾಗ ಬದಲಿಸಿ. ಫಂಕ್ಷನ್ ಹ್ಯಾನ್ ವಿಂಡೋ ಇರಲಿ. ಸೈಜ್ 16384 ಮಾಡಿ. ಆಕ್ಸಿಸ್ ಅನ್ನು ಲಾಗ್‌ನಿಂದ ಲೀನಿಯರ್‌ಗೆ ತನ್ನಿ. ಲೀನಿಯರ್‌ನಲ್ಲಿ ಹಾರ್ಮೋನಿಕ್‌ಗಳು ಬೇಲಿಯ ಗೂಟದ ಹಾಗೆ ಸಮದೂರದಲ್ಲಿ ನಿಲ್ಲುತ್ತವೆ, ತಪ್ಪಿದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಸೈಜ್ ಯಾಕೆ? 44,100 ಸ್ಯಾಂಪಲ್ ದರವನ್ನು ಸೈಜ್‌ನಿಂದ ಭಾಗಿಸಿ. 2048 ಇದ್ದರೆ ಗ್ರಾಫಿನ ಒಂದೊಂದು ಮನೆ 21.5 ಹರ್ಟ್ಜ್ ಅಗಲ. ಮೊನೆಗಳು ಇಡ್ಲಿಯ ಹಾಗೆ ಊದಿಕೊಂಡಿರುತ್ತವೆ. 16384 ಇದ್ದರೆ 2.7 ಹರ್ಟ್ಜ್, ಸೂಜಿಯ ಹಾಗೆ ಚೂಪು. 65536ಕ್ಕೆ ಹೋದರೆ ಇನ್ನೂ ಚೂಪು, ಆದರೆ ಅದಕ್ಕೆ ಸುಮಾರು ಒಂದೂವರೆ ಸೆಕೆಂಡಿನ ಸದ್ದು ಒಂದೇ ಗುಟುಕಿಗೆ ಬೇಕು. ನಿಂತ ಸ್ವರಕ್ಕೆ ಪರವಾಗಿಲ್ಲ, ಮೀಟಿದ ತಂತಿಗೆ ಅತಿ ಆಯಿತು.

ಮೌಸನ್ನು ಒಂದೊಂದು ಮೊನೆಯ ಹತ್ತಿರ ಒಯ್ಯಿರಿ. ಕೆಳಗೆ ಪೀಕ್ ಅನ್ನುವ ಜಾಗದಲ್ಲಿ ಹರ್ಟ್ಜ್ ಮತ್ತು ಡೆಸಿಬೆಲ್ ಎರಡೂ ಬರುತ್ತವೆ. ಹಾಳೆಯಲ್ಲಿ ಬರೆದುಕೊಳ್ಳಿ. ಹತ್ತಿರದಲ್ಲೇ ಇರುವ ಕರ್ಸರ್ ಅನ್ನುವ ಅಂಕಿ ಬೇಡ. ಅದು ನಿಮ್ಮ ಮೌಸ್ ನಿಂತ ಜಾಗದ್ದು, ಮೊನೆಯದ್ದಲ್ಲ.

ಮೂಲಸ್ವರದ ನಿಖರ ಅಂಕಿಗೆ ಒಂದು ಉಪಾಯ ಇದೆ. 1ನೇ ಮೊನೆಯನ್ನು ನಂಬಬೇಡಿ. 10ನೇ ಮೊನೆಯ ಹರ್ಟ್ಜ್ ಓದಿ ಹತ್ತರಿಂದ ಭಾಗಿಸಿ. ಓದುವಾಗಿನ ತಪ್ಪೂ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಎಲ್ಲಿಯವರೆಗೆ ಬರೆಯಬೇಕು? ಕೊಳಲಿಗೆ ಐದಾರು ಸಾಕು, ಅದರಲ್ಲಿ ಮೂಲಸ್ವರದ್ದೇ ದರ್ಬಾರು. ಹಾರ್ಮೋನಿಯಂಗೆ ಇಪ್ಪತ್ತರವರೆಗಾದರೂ ಹೋಗಿ. 14ನೆಯದು 3080 ಹರ್ಟ್ಜ್‌ನಲ್ಲಿರುತ್ತದೆ, ಗ್ರಾಫಿನಲ್ಲಿ ಇರುವೆಯಷ್ಟು ಕಾಣುತ್ತದೆ. ಆದರೆ ನಮ್ಮ ಕಿವಿ 2000ರಿಂದ 5000 ಹರ್ಟ್ಜ್‌ನಲ್ಲೇ ಅತಿ ಚುರುಕು. ಆ ಇರುವೆಗಳನ್ನು ಬಿಟ್ಟರೆ ನಾದ ಕಂಬಳಿ ಹೊದ್ದುಕೊಂಡ ಹಾಗಾಗುತ್ತದೆ. ನಿಲ್ಲಿಸುವ ಜಾಗ ಗ್ರಾಫೇ ಹೇಳುತ್ತದೆ: ಮೊನೆ ಖಾಲಿ ಕೋಣೆಯ ಸದ್ದಿಗಿಂತ ಹತ್ತು ಡೆಸಿಬೆಲ್ ಕೂಡ ಮೇಲಿಲ್ಲ ಅಂದಾಗ ಬಿಡಿ.

## ಹಂತ 5: ಡೆಸಿಬೆಲ್ಲನ್ನು ಅಂಕಿಗೆ ಇಳಿಸಿ

ಕಾಲಿಂಗ್ ಬೆಲ್ ಹುಟ್ಟುವುದು ಈ ಹಂತದಲ್ಲಿ.

ಒಂದು ಪಟ್ಟಿ ಇಟ್ಟುಕೊಂಡು ಲೆಕ್ಕ ಮಾಡೋಣ. ಆರು ಮನೆ ಶ್ರುತಿಯ ‘ಸ’, 220 ಹರ್ಟ್ಜ್, ಮೊದಲ ಎಂಟು ಹಾರ್ಮೋನಿಕ್ ಹೀಗೆ ಸಿಕ್ಕಿವೆ ಅಂದುಕೊಳ್ಳಿ: −22, −18, −25, −30, −34, −42, −46, −52 ಡೆಸಿಬೆಲ್.

ಎಲ್ಲಕ್ಕಿಂತ ಜೋರಾಗಿರುವುದು ಎರಡನೆಯದು, −18. ಅದನ್ನು ಸೊನ್ನೆ ಅಂತ ಇಟ್ಟು ಉಳಿದವು ಅದಕ್ಕಿಂತ ಎಷ್ಟು ಕೆಳಗಿವೆ ನೋಡಿ: −4, 0, −7, −12, −16, −24, −28, −34.

ಈಗ ಪ್ರತಿಯೊಂದನ್ನೂ 20ರಿಂದ ಭಾಗಿಸಿ, 10ರ ಘಾತಕ್ಕೆ ಏರಿಸಿ. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಈ ಗುಂಡಿ ಸಿಗುತ್ತದೆ. ಬರುವ ಉತ್ತರ: 0.63, 1, 0.45, 0.25, 0.16, 0.06, 0.04, 0.02.

ಬಾಯಿಪಾಠಕ್ಕೆ ನಾಲ್ಕು ಅಂಕಿ ಸಾಕು. ಆರು ಡೆಸಿಬೆಲ್ ಇಳಿದರೆ ಅರ್ಧ, ಹನ್ನೆರಡು ಇಳಿದರೆ ಕಾಲು, ಇಪ್ಪತ್ತು ಇಳಿದರೆ ಹತ್ತನೇ ಒಂದು, ನಲವತ್ತು ಇಳಿದರೆ ನೂರನೇ ಒಂದು.

ಇಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ಎರಡೂ ಕಿವಿಗೇ ಗೊತ್ತಾಗುತ್ತವೆ. 20 ಡೆಸಿಬೆಲ್ ಕಡಿಮೆ ಅಂದರೆ ಶೇಕಡಾ 20 ಕಡಿಮೆ ಅಂತ ತಿಳಿದು 0.8 ಹಾಕುವುದು ಮೊದಲನೆಯದು. ಆಗ ಮೇಲಿನ ಹಾರ್ಮೋನಿಕ್‌ಗಳೆಲ್ಲ ಮೂಲಸ್ವರದ ತಲೆ ಮೇಲೆ ಕೂತು ಚೀರುತ್ತವೆ, ಅದೇ ಕಾಲಿಂಗ್ ಬೆಲ್. 20ರ ಬದಲು 10ರಿಂದ ಭಾಗಿಸುವುದು ಎರಡನೆಯದು. ಆಗ ಉಲ್ಟಾ. ಓವರ್‌ಟೋನ್‌ಗಳು ಅತಿಯಾಗಿ ಕುಗ್ಗಿ ಹಾರ್ಮೋನಿಯಂ ಹೋಗಿ ಪೀಪಿ ಆಗುತ್ತದೆ. ಹತ್ತರಿಂದ ಭಾಗಿಸುವುದು ಶಕ್ತಿಯ ಲೆಕ್ಕಕ್ಕೆ, ನಮಗೆ ಬೇಕಿರುವುದು ಅಲೆಯ ಎತ್ತರ.

ಇನ್ನೊಂದು ಕೆಲಸ ಉಳಿದಿದೆ. ಎಂಟನ್ನೂ ಕೂಡಿದರೆ 2.61. ಹೀಗೇ ಪೇರಿಸಿದರೆ ಅಲೆ 1 ದಾಟಿ ತುದಿ ಚಪ್ಪಟೆ ಆಗಬಹುದು. ಎಲ್ಲವನ್ನೂ 0.3ರಿಂದ ಗುಣಿಸಿ: 0.19, 0.30, 0.135, 0.075, 0.048, 0.018, 0.012, 0.006. ಮೊತ್ತ 0.78 ಆಸುಪಾಸು, ಭಯವಿಲ್ಲ. ಇಪ್ಪತ್ತು ಹಾರ್ಮೋನಿಕ್ ಇದ್ದರೂ ಇದೇ ದಾರಿ, ಮೊತ್ತ 0.8 ದಾಟದ ಹಾಗೆ ಗುಣಿಸಿಕೊಳ್ಳಿ.

## ಹಂತ 6: ಪೇರಿಸಿ

ಆಡಾಸಿಟಿಯ ಜನರೇಟ್ ಮೆನುವಿನಲ್ಲಿ ಟೋನ್ ಇದೆ. ಅಲೆ ಸೈನ್, ಫ್ರೀಕ್ವೆನ್ಸಿ 220, ಆಂಪ್ಲಿಟ್ಯೂಡ್ 0.19, ಅವಧಿ 4 ಸೆಕೆಂಡ್. ಒಪ್ಪಿ. ಮುಂದಿನದು 440, 0.30. ಹೀಗೇ ಎಂಟೂ.

ಪ್ರತಿ ಟೋನಿಗೂ ಮುಂಚೆ ಕಂಟ್ರೋಲ್, ಶಿಫ್ಟ್ ಮತ್ತು ಎ ಒತ್ತಿ ಆಯ್ಕೆಯನ್ನೆಲ್ಲ ಬಿಡಿಸಿ. ಮರೆತರೆ ಹೊಸ ಟೋನ್ ಬೇರೆ ಟ್ರ್ಯಾಕ್ ಆಗುವ ಬದಲು ಹಳೆಯದರ ಜಾಗದಲ್ಲೇ ಹೋಗಿ ಕೂರುತ್ತದೆ. ಆಂಪ್ಲಿಟ್ಯೂಡ್ ಅನ್ನು ಅಲ್ಲಿ ಮೊದಲೇ ಇರುವ 0.8ಕ್ಕೆ ಬಿಟ್ಟುಬಿಡುವುದೂ ಮಾಮೂಲಿ ಮರೆವು. ಫ್ರೀಕ್ವೆನ್ಸಿಗೆ 220ರ ಮಗ್ಗಿಯನ್ನೇ ಹಾಕಬೇಡಿ, ಹಂತ 4ರಲ್ಲಿ ಸಿಕ್ಕ ನಿಜವಾದ ಮೂಲಸ್ವರದ ಮಗ್ಗಿ ಹಾಕಿ. ವಾದ್ಯ 218.6ರಲ್ಲಿದ್ದು ನೀವು 220 ಕಟ್ಟಿದರೆ ಹೋಲಿಸುವಾಗ ಕಿವಿ ಅಪಶ್ರುತಿಯನ್ನು ಮಾತ್ರ ಕೇಳುತ್ತದೆ, ನಾದಗುಣ ಅದರಡಿ ಮುಚ್ಚಿಹೋಗುತ್ತದೆ.

ಈಗ ಮೂಲ ರೆಕಾರ್ಡಿಂಗ್ ಒಂದು ಸಲ, ಕಟ್ಟಿದ್ದು ಒಂದು ಸಲ ಕೇಳಿ. ಎರಡರ ಜೋರು ಸಮ ಮಾಡಿಕೊಂಡೇ ಕೇಳಬೇಕು. ಜಾಸ್ತಿ ಜೋರಿರುವುದು ಯಾವಾಗಲೂ ಚೆಂದ ಅನ್ನಿಸುತ್ತದೆ, ಕಿವಿಯ ಈ ದುರ್ಬುದ್ಧಿಗೆ ಮದ್ದಿಲ್ಲ.

ಅಲೆಯ ಆಕಾರ ಎರಡರಲ್ಲೂ ಬೇರೆ ಕಂಡರೆ ಗಾಬರಿ ಬೇಡ. ಎಷ್ಟೋ ಜನ ಅದನ್ನು ಹೊಂದಿಸಲು ದಿನಗಟ್ಟಲೆ ಕೂತಿದ್ದಾರೆ. ಹಾರ್ಮೋನಿಕ್‌ಗಳು ಯಾವ ಹೆಜ್ಜೆಯಲ್ಲಿ ಶುರುವಾದವು ಅನ್ನುವುದರಿಂದ ಆಕಾರ ಪೂರ್ತಿ ಬದಲಾಗುತ್ತದೆ, ಆದರೆ ಇಂಥ ನಿಂತ ಸ್ವರದಲ್ಲಿ ಕಿವಿ ಆ ವ್ಯತ್ಯಾಸವನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

## ಹಂತ 7: ಒಂದೊಂದಾಗಿ ಕಿತ್ತು ಕೇಳಿ

ಇಷ್ಟು ಹೊತ್ತು ಪಟ್ಟ ಕಷ್ಟಕ್ಕೆ ಫಲ ಸಿಗುವುದು ಈಗ. ಪ್ರತಿ ಟ್ರ್ಯಾಕಿಗೂ ಮ್ಯೂಟ್ ಗುಂಡಿ ಇದೆ. ಪ್ಲೇ ಓಡುತ್ತಿರುವಾಗಲೇ ಒತ್ತಿ ನೋಡಿ.

1ನ್ನು ಮ್ಯೂಟ್ ಮಾಡಿ. ಶ್ರುತಿ ಬದಲಾಗಲಿಲ್ಲ, ನಾದ ಸ್ವಲ್ಪ ತೆಳುವಾಯಿತು, ಅಷ್ಟೆ. ನಮ್ಮ ಪಟ್ಟಿಯಲ್ಲಿ 2 ಅತಿ ಜೋರು, ಆದರೂ ಸ್ವರ 440 ಅಂತ ಕೇಳುವುದಿಲ್ಲ. ಶ್ರುತಿ ಯಾವುದು ಅನ್ನುವುದು ಯಾರು ಜೋರು ಅನ್ನುವುದರ ಮೇಲೆ ನಿಂತಿಲ್ಲ, ಎಲ್ಲ ಮೊನೆಗಳೂ ಯಾವ ಅಂಕಿಯ ಮಗ್ಗಿಯಲ್ಲಿ ಬರುತ್ತವೆ ಅನ್ನುವುದರ ಮೇಲೆ ನಿಂತಿದೆ.

ಈಗ 1, 3, 5, 7 ನಾಲ್ಕನ್ನೂ ಮ್ಯೂಟ್ ಮಾಡಿ. ತಟ್ಟನೆ ಸ್ವರ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತದೆ. ಉಳಿದವೆಲ್ಲ 440ರ ಮಗ್ಗಿ ಆಗಿಬಿಟ್ಟವಲ್ಲ.

ಉಲ್ಟಾ ಮಾಡಿ. 2, 4, 6, 8 ಮ್ಯೂಟ್, ಬೆಸ ಸಂಖ್ಯೆಯವು ಮಾತ್ರ ಉಳಿಯಲಿ. ಶ್ರುತಿ ಅದೇ. ಆದರೆ ನಾದ ಟೊಳ್ಳಾಯಿತು, ಬಿದಿರಿನೊಳಗಿನಿಂದ ಬಂದ ಹಾಗೆ. ಕ್ಲಾರಿನೆಟ್‌ನ ಕೆಳಗಿನ ಸ್ವರಗಳಲ್ಲಿ ಬೆಸ ಹಾರ್ಮೋನಿಕ್‌ಗಳೇ ಜೋರು, ಆ ವಾದ್ಯದ ಟೊಳ್ಳು ದನಿ ಬರುವುದು ಅದರಿಂದಲೇ.

ಇನ್ನು ಎಲ್ಲವನ್ನೂ ವಾಪಸ್ ತಂದು 5, 6, 7, 8ರ ಟ್ರ್ಯಾಕ್ ಗೇನ್ 12 ಡೆಸಿಬೆಲ್ ಏರಿಸಿ. ನಾದಕ್ಕೆ ಅಂಚು ಬರುತ್ತದೆ, ಮೂಗಿನಿಂದ ಹಾಡಿದ ಹಾಗೆ. 12 ಇಳಿಸಿ ನೋಡಿ, ಮಂಕು. ನನ್ನ ಅಭಿಪ್ರಾಯದಲ್ಲಿ ಒಂದೊಂದು ಹಾರ್ಮೋನಿಕ್‌ನ ಕರಾರುವಾಕ್ ಅಂಕಿಗಿಂತ ಇಡೀ ಸಾಲು ಯಾವ ಇಳಿಜಾರಿನಲ್ಲಿ ಇಳಿಯುತ್ತದೆ ಅನ್ನುವುದೇ ಹೆಚ್ಚು ಮುಖ್ಯ. 9ನೆಯದು ಎರಡು ಡೆಸಿಬೆಲ್ ಆಚೀಚೆ ಆದರೆ ಸಾಮಾನ್ಯವಾಗಿ ಯಾರಿಗೂ ಗೊತ್ತಾಗುವುದಿಲ್ಲ. ಇಳಿಜಾರು ತಪ್ಪಿದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ.

ಇದೇ ಪಟ್ಟಿ ಹಿಡಿದು ಮೇಲಿನ ‘ಪ’ ಕಟ್ಟಲು ಹೋಗಬೇಡಿ. ವಾದ್ಯದ ಪೆಟ್ಟಿಗೆ, ಕುಂಡ, ನಮ್ಮ ಬಾಯಿ, ಇವು ಎತ್ತಿ ಕೊಡುವುದು ಹರ್ಟ್ಜ್ ನೋಡಿಕೊಂಡು, ಹಾರ್ಮೋನಿಕ್ ಸಂಖ್ಯೆ ನೋಡಿಕೊಂಡಲ್ಲ. ‘ಸ’ದಲ್ಲಿ 5ನೆಯದಕ್ಕೆ ಸಿಕ್ಕ ಬಲ ಮೇಲಿನ ‘ಪ’ದಲ್ಲಿ 2ನೆಯದಕ್ಕೋ 3ನೆಯದಕ್ಕೋ ಸಿಗಬಹುದು. ರೆಕಾರ್ಡ್ ಆದ ದನಿಯನ್ನು ವೇಗವಾಗಿ ಓಡಿಸಿದರೆ ಅಳಿಲಿನ ಥರ ಕೇಳುವುದು ಇದಕ್ಕೇ. ಪ್ರತಿ ಸ್ವರಕ್ಕೂ ಬೇರೆ ಪಟ್ಟಿ ತೆಗೆಯಬೇಕು.

## ಹಂತ 8: ಸಮಯವನ್ನೂ ಸೇರಿಸಿ

ಪಟ್ಟಿ ಸರಿ, ಲೆಕ್ಕ ಸರಿ, ಆದರೂ ಏನೋ ನಿರ್ಜೀವ. ಇದು ನಿಮ್ಮ ತಪ್ಪಲ್ಲ, ಪಟ್ಟಿಯ ಮಿತಿ.

ಒಂದು ಪ್ರಯೋಗ ಮಾಡಿ. ವೀಣೆಯ ಒಂದು ಮೀಟನ್ನು ರೆಕಾರ್ಡ್ ಮಾಡಿ, ಮೊದಲ 100 ಮಿಲಿಸೆಕೆಂಡ್ ಕತ್ತರಿಸಿ ಹಾಕಿ. ಉಳಿದದ್ದನ್ನು ಮನೆಯವರಿಗೆ ಕೇಳಿಸಿ, ಯಾವ ವಾದ್ಯ ಅಂತ ಕೇಳಿ. ಬಹಳ ಜನ ತಡವರಿಸುತ್ತಾರೆ. ಉಗುರು ತಂತಿಯನ್ನು ಬಿಟ್ಟ ಆ ಕ್ಷಣದಲ್ಲೇ ಅರ್ಧ ಗುರುತು ಇರುತ್ತದೆ.

ಹಾಗಾಗಿ ನಿಂತ ಸ್ವರಕ್ಕೆ ಶುರುವಿನಲ್ಲಿ ಸಣ್ಣ ಫೇಡ್ ಇನ್ ಕೊಡಿ, 50ರಿಂದ 100 ಮಿಲಿಸೆಕೆಂಡ್, ಎಲ್ಲ ಟ್ರ್ಯಾಕಿಗೂ ಒಂದೇ ಅಲ್ಲ, ಮೇಲಿನವು ಕೊಂಚ ತಡವಾಗಿ ಏಳಲಿ. ಮೀಟಿದ ತಂತಿಗೆ ಫೇಡ್ ಔಟ್. ಮೇಲಿನ ಹಾರ್ಮೋನಿಕ್‌ಗಳು ಬೇಗ ಸಾಯುತ್ತವೆ, ಮೂಲಸ್ವರ ಕೊನೆಯವರೆಗೂ ಉಳಿಯುತ್ತದೆ. ಅಂದಾಜಿಗೆ ಬೇಡ. ಮೂಲ ರೆಕಾರ್ಡಿಂಗಿನಲ್ಲಿ ಮೀಟಿದ 0.1 ಸೆಕೆಂಡಿನಲ್ಲಿ ಒಂದು ತುಂಡು, 0.8ರಲ್ಲಿ ಒಂದು, 2 ಸೆಕೆಂಡಿನಲ್ಲಿ ಒಂದು ತೆಗೆದು ಮೂರು ಪಟ್ಟಿ ಮಾಡಿ. ತುಂಡು 0.4 ಸೆಕೆಂಡ್ ಇರಲಿ, 16384 ಸೈಜ್‌ಗೆ ಅಷ್ಟು ಸಾಕು. ಪಟ್ಟಿಯಿಂದ ಪಟ್ಟಿಗೆ ಯಾವುದು ಎಷ್ಟು ಇಳಿಯಿತೋ ಎನ್ವೆಲಪ್ ಟೂಲಿನಲ್ಲಿ (ಹೊತ್ತು ಕಳೆದಂತೆ ಟ್ರ್ಯಾಕಿನ ಜೋರು ಏರಿಳಿಸುವ ಸಾಧನ) ಅಷ್ಟೇ ಇಳಿಸಿ.

ಮೀಟುವ ಜಾಗ ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ತಂತಿಯ ನಟ್ಟನಡುವೆ ಮೀಟಿದರೆ 2, 4, 6 ಏಳುವುದಿಲ್ಲ, ಐದನೇ ಒಂದು ಭಾಗದಲ್ಲಿ ಮೀಟಿದರೆ 5 ಏಳುವುದಿಲ್ಲ. ತಂತಿಯನ್ನು ಹೊತ್ತು ನಿಂತ ಕುದುರೆಯ ಹತ್ತಿರ ಬಂದಷ್ಟೂ ಮೇಲಿನವು ಜಾಸ್ತಿ. ಮೂರು ಸಲ ರೆಕಾರ್ಡ್ ಮಾಡುವಾಗ ಬೆರಳು ಒಂದೇ ಜಾಗದಲ್ಲಿರಲಿ, ಬೇಕಿದ್ದರೆ ಪಕ್ಕದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ.

## ಹಂತ 9: ತಂಬೂರಿಗೆ ಬೇರೆ ನಿಯಮ

ಮೇಲಿನದೆಲ್ಲ ಕೈಹಿಡಿದ ಮೇಲಷ್ಟೇ ಇದಕ್ಕೆ ಬನ್ನಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೋ ಆ್ಯಪೋ ಆಗುವುದಿಲ್ಲ, ನಿಜವಾದ ತಂಬೂರಿಯೇ ಬೇಕು.

ಒಂದು ಸಾರಣಿ ತಂತಿ (ನಡುವಿನ ‘ಸ’ ತಂತಿಗಳಲ್ಲಿ ಒಂದು) ಬಿಟ್ಟು ಉಳಿದ ಮೂರರ ನಡುವೆ ಮೆತ್ತನೆ ಬಟ್ಟೆ ತೂರಿಸಿ ಬಾಯಿ ಮುಚ್ಚಿಸಿ. ಇಲ್ಲದಿದ್ದರೆ ಮುಟ್ಟದ ತಂತಿಗಳೂ ಜೊತೆಗೂಡುತ್ತವೆ, ಯಾವ ಮೊನೆ ಯಾರದ್ದು ಅಂತ ಹೇಳಲಾಗುವುದಿಲ್ಲ. ಆಮೇಲೆ ಆ ಒಂದು ತಂತಿಯ ಕೆಳಗಿಂದ ಜೀವಾಳದ ದಾರವನ್ನು ಪೂರ್ತಿ ತೆಗೆದು ಒಂದು ರೆಕಾರ್ಡಿಂಗ್ ಮಾಡಿ. ದಾರ ವಾಪಸ್ ಇಟ್ಟು, ಕುದುರೆಯ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ನಾದ ಬಿರಿದಾಗ ನಿಲ್ಲಿಸಿ, ಇನ್ನೊಂದು ರೆಕಾರ್ಡಿಂಗ್. ಎರಡರಲ್ಲೂ ಮೂರು ಕಾಲದ ಪಟ್ಟಿ ತೆಗೆಯಿರಿ.

ದಾರ ಇಲ್ಲದ್ದು ಹಂತ 8ರ ಹಾಗೇ ನಡೆದುಕೊಳ್ಳುತ್ತದೆ: ಮೇಲಿನವು ಬೇಗ ಹೋಗುತ್ತವೆ. ದಾರ ಇದ್ದಾಗ ಹಾಗಲ್ಲ. ಮೀಟಿದ ಮೇಲೂ ಕೆಲವು ಮೇಲಿನ ಹಾರ್ಮೋನಿಕ್‌ಗಳು ಏರುತ್ತಾ ಹೋಗುತ್ತವೆ. ಹೊತ್ತು ಕಳೆದಂತೆ ಆ ಜೋರಿನ ಅಲೆ ಮೇಲಿನ ಸಂಖ್ಯೆಗಳಿಂದ ಕೆಳಗಿನವುಗಳತ್ತ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಅಗಲವಾದ ಕುದುರೆಯ ಬೆನ್ನನ್ನು ತಂತಿ ಪ್ರತಿ ಕಂಪನಕ್ಕೂ ಸವರಿ ಹೋಗುತ್ತದೆ, ಕೆಳಗಿನ ಹಾರ್ಮೋನಿಕ್‌ಗಳ ಶಕ್ತಿ ಹಾಗೆ ಮೇಲಿನವುಗಳಿಗೆ ಹಂಚಿಕೆಯಾಗುತ್ತಲೇ ಇರುತ್ತದೆ. ತಂತಿಯ ನಡುಮಧ್ಯೆ ಮೀಟಿದರೂ 2, 4, 6 ಹಾಜರ್. ಏಳಲೇಬಾರದ ಹಾರ್ಮೋನಿಕ್‌ಗಳು ಈ ವಾದ್ಯದಲ್ಲಿ ಏಳುತ್ತವೆ ಅನ್ನುವುದನ್ನು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು.

ಕಟ್ಟುವಾಗ ಆಗುವ ತಪ್ಪು ಗೊತ್ತಾಯಿತಲ್ಲ? ಎಲ್ಲ ಟ್ರ್ಯಾಕಿಗೂ ಫೇಡ್ ಔಟ್ ಕೊಟ್ಟುಬಿಡುವುದು. ಹಾಗೆ ಮಾಡಿದರೆ ಗಿಟಾರಿನ ತಂತಿ ಬರುತ್ತದೆ. ತಂಬೂರಿಗೆ ಕನಿಷ್ಠ 25 ಟ್ರ್ಯಾಕ್ ಬೇಕು, ಮೇಲಿನ ಪ್ರತಿಯೊಂದಕ್ಕೂ ಮೊದಲು ಏರಿ ಆಮೇಲೆ ಇಳಿಯುವ ಗುಡ್ಡದಂಥ ಎನ್ವೆಲಪ್ ಕೊಡಿ. ಗುಡ್ಡದ ನೆತ್ತಿ ಸಂಖ್ಯೆ ಹೆಚ್ಚಿದಷ್ಟೂ ಬೇಗ, ಕಡಿಮೆ ಆದಷ್ಟೂ ತಡವಾಗಿ ಬರಲಿ. ಒಂದು ಮೀಟಿಗೆ ನನಗೆ ಒಂದು ಭಾನುವಾರ ಹಿಡಿಯಿತು.

ಮುಗಿದ ಮೇಲೆ ಕೇಳುವಾಗ 5ನೇ ಟ್ರ್ಯಾಕನ್ನು ಒಮ್ಮೆ ಮ್ಯೂಟ್ ಮಾಡಿ, ತೆಗೆಯಿರಿ. ಗಾಂಧಾರ ಹೋಗಿ ಬರುವುದು ಕೇಳಿಸಿದರೆ ಲೆಕ್ಕ ಸರಿಯಿದೆ. ಕೇಳಿಸದಿದ್ದರೆ ಹಂತ 5ಕ್ಕೆ ವಾಪಸ್ ಹೋಗಿ, 20ರಿಂದಲೇ ಭಾಗಿಸಿದ್ದೀರಾ ನೋಡಿ.